ನನ್ನ ಹತ್ತು ನಿಮಿಷ, ಅವಳ 80 ಸೆಕೆಂಡು

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕ್ವಿಜ್‌ನಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನದಾಗಿತ್ತು. ‘1963ರ ನವೆಂಬರ್ 23ರ ಸಂಜೆ ಬಿಬಿಸಿಯ ಹೊಸ ಧಾರಾವಾಹಿಯೊಂದರ ಮೊದಲ ಕಂತು ಹತ್ತು ನಿಮಿಷ ತಡವಾಗಿ ಶುರುವಾಯಿತು. ಯಾವ ಧಾರಾವಾಹಿ, ಏಕೆ ತಡ?’ ಒಂದು ತಂಡ ಎರಡಕ್ಕೂ ಸರಿಯುತ್ತರ ಕೊಟ್ಟಿತು: ಕಾಲಯಾತ್ರೆಯ ಕಥೆ ಹೇಳುವ ‘ಡಾಕ್ಟರ್ ಹೂ’, ಹಿಂದಿನ ದಿನ ನಡೆದ ಕೆನಡಿ ಹತ್ಯೆ. ಆಮೇಲೆ ಅದೇ ತಂಡದ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಹತ್ತು ನಿಮಿಷ ಅಲ್ಲ, 80 ಸೆಕೆಂಡು” ಎಂದಳು. ಮೈಕು ಹಿಡಿದವನ ಠೀವಿಯಲ್ಲಿ ನಾನು “ಕೂತುಕೊಳ್ಳಮ್ಮ, ಅಂಕ ಕೊಟ್ಟಾಯಿತಲ್ಲ” ಎಂದೆ. ಸಭೆ ನಕ್ಕಿತು.

ರಾತ್ರಿ ಮನೆಗೆ ಬಂದು ಹುಡುಕಿದೆ. 5.15ಕ್ಕೆ ಬರಬೇಕಿದ್ದ ಕಂತು ಶುರುವಾದದ್ದು 5 ಗಂಟೆ 16 ನಿಮಿಷ 20 ಸೆಕೆಂಡಿಗೆ. ಅವಳು ಹೇಳಿದ್ದೇ ಸರಿ. ಹಾಗಾದರೆ ಹತ್ತು ನಿಮಿಷ ನನ್ನ ತಲೆಗೆ ಬಂದದ್ದೆಲ್ಲಿಂದ? ನನ್ನ ಹಳೆಯ ಪ್ರಶ್ನೆಚೀಟಿಯಲ್ಲಿ ಇತ್ತು. ಚೀಟಿಗೆ ಎಲ್ಲಿಂದ ಬಂತು? ಇನ್ನೊಬ್ಬರ ಚೀಟಿಯಿಂದ. ಅಷ್ಟೇ ವಂಶಾವಳಿ.

ಅಂದಿನಿಂದ ಈ ಧಾರಾವಾಹಿಯ ಕಳೆದುಹೋದ ಕಂತುಗಳ ಕಥೆ ನನ್ನ ಬೆನ್ನು ಬಿಟ್ಟಿಲ್ಲ. ಮೊದಲ ಆರು ವರ್ಷಗಳಲ್ಲಿ ಪ್ರಸಾರವಾದದ್ದು 253 ಕಂತುಗಳು. ಅವು ಮುದ್ರಣವಾಗಿದ್ದ ಎರಡು ಅಂಗುಲ ಅಗಲದ ವಿಡಿಯೊ ಟೇಪುಗಳಿಗೆ ಆಗ ವಿಪರೀತ ಬೆಲೆ. ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ತುಂಬಬಹುದಿತ್ತು, ತುಂಬಿದರು. ಮರುಪ್ರಸಾರಕ್ಕೆ ಕಲಾವಿದರ ಸಂಘದ ಒಪ್ಪಂದ ಅಡ್ಡ. ಬಣ್ಣದ ಟಿವಿ ಬಂದ ಮೇಲಂತೂ ಕಪ್ಪುಬಿಳುಪಿನ ಹಳೆಯ ಸರಕು ಯಾರಿಗೆ ಬೇಕು? ಹೊರದೇಶಗಳಿಗೆ ಮಾರಲು 16 ಎಂಎಂ ಫಿಲ್ಮಿಗೆ ಇಳಿಸಿದ ಪ್ರತಿಗಳಿದ್ದವು. ಮಾರಾಟದ ಹಕ್ಕು ಮುಗಿದಂತೆ ಎಪ್ಪತ್ತರ ದಶಕದಲ್ಲಿ ಅವೂ ಕಸಕ್ಕೆ ಹೋದವು. ಟೇಪು ಅಳಿಸಿದವರು ಫಿಲ್ಮು ಅವರಲ್ಲಿದೆ ಎಂದುಕೊಂಡರು, ಫಿಲ್ಮು ಎಸೆದವರು ಮೂಲ ಇವರಲ್ಲಿದೆ ಎಂದುಕೊಂಡರು. ಯಾವುದೇ ಕಚೇರಿಯಲ್ಲಿ ನಾಲ್ಕು ದಿನ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1978ರ ಹೊತ್ತಿಗೆ ಈ ಅನಾಹುತ ನಿಂತಿತು.

ಉಳಿದದ್ದು ಉಳಿದ ಬಗೆ ಮಾತ್ರ ವಿಚಿತ್ರ. 1983ರಲ್ಲಿ ಎರಡು ಕಂತು ಲಂಡನ್ನಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಸಿಕ್ಕವು. ನೈಜೀರಿಯಾದ ಜಾಸ್ ಎಂಬ ಊರಿನ ಟಿವಿ ಮರುಪ್ರಸಾರ ಕೇಂದ್ರದ ಉಗ್ರಾಣದಲ್ಲಿ ಫಿಲಿಪ್ ಮಾರಿಸ್ ಎಂಬ ಶೋಧಕ ಡಬ್ಬಿಗಳ ಮೇಲಿನ ಅಂಟುಪಟ್ಟಿಯ ಧೂಳು ಒರೆಸಿದಾಗ ಧಾರಾವಾಹಿಯ ಹೆಸರು ಕಂಡಿತು. 2013ರಲ್ಲಿ ಆ ಒಂಬತ್ತು ಕಂತುಗಳ ಸುದ್ದಿ ಹೊರಬಿದ್ದಾಗ, ಕಾಣೆಯಾದವುಗಳ ಸಂಖ್ಯೆ 106ರಿಂದ 97ಕ್ಕೆ ಇಳಿಯಿತು.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಸ್ಟ್ರೇಲಿಯಾದ ಕತ್ತರಿ. ಅಲ್ಲಿನ ಸೆನ್ಸಾರಿನವರು ಮಕ್ಕಳು ಹೆದರಬಾರದೆಂದು ಕಂತುಗಳಿಂದ ಭಯಾನಕ ತುಣುಕುಗಳನ್ನು ಕತ್ತರಿಸಿ, ಕಚೇರಿಯ ಶಿಸ್ತಿಗೆ ತಕ್ಕಂತೆ ಜೋಪಾನವಾಗಿ ಇಟ್ಟುಕೊಂಡರು. ಪೂರ್ತಿ ಕಂತುಗಳು ನಾಶವಾದವು. 1996ರಲ್ಲಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಚೂರುಗಳು ಸಿಕ್ಕವು: ಕುತ್ತಿಗೆ ಹಿಸುಕುವ ಕೈ, ಒಂದು ಚೀತ್ಕಾರ, ಕೆಲವೇ ಸೆಕೆಂಡು. ಯಾರೂ ನೋಡಬಾರದೆಂದು ತೆಗೆದದ್ದಷ್ಟೇ ಇಂದು ನೋಡಲು ಸಿಗುತ್ತದೆ. ಆ ಚೂರುಗಳನ್ನೇ ನಂಬಿ ಕೂತರೆ, ಅರವತ್ತರ ದಶಕದಲ್ಲಿ ಬ್ರಿಟನ್ನಿನ ಮಕ್ಕಳು ಶನಿವಾರ ಸಂಜೆ ಬರೀ ಕೊಲೆ ನೋಡುತ್ತಿದ್ದರು ಎನ್ನಬೇಕಾಗುತ್ತದೆ!

ನನ್ನ ತಕರಾರು ಇರುವುದೇ ಇಲ್ಲಿ. ಕಾಣದ ಕಂತುಗಳ ಬಗ್ಗೆ ಎಲ್ಲರಿಗೂ ಖಚಿತ ಅಭಿಪ್ರಾಯವಿರುತ್ತದೆ. ‘ದ ಎನಿಮಿ ಆಫ್ ದ ವರ್ಲ್ಡ್’ ಎಂಬ ಆರು ಕಂತುಗಳ ಕಥೆಯಲ್ಲಿ ಉಳಿದಿದ್ದದ್ದು ಮೂರನೆಯದು ಮಾತ್ರ. ಹೆಚ್ಚಿನದೇನೂ ನಡೆಯದ, ಗೊಣಗುವ ಅಡುಗೆಯವನೊಬ್ಬನಷ್ಟೇ ನೆನಪಿನಲ್ಲಿ ಉಳಿಯುವ ಕಂತು. ಅದೊಂದನ್ನು ನೋಡಿ ಇಡೀ ಕಥೆಗೆ ‘ನೀರಸ’ ಎಂಬ ಪಟ್ಟ ಕಟ್ಟಿದರು. ಒಬ್ಬರು ಬರೆದದ್ದನ್ನು ಹತ್ತು ಜನ ಎತ್ತಿಕೊಂಡರು. ಜಾಸ್‌ನಿಂದ ಉಳಿದ ಐದೂ ಬಂದವು. ಪ್ಯಾಟ್ರಿಕ್ ಟ್ರೌಟನ್ ದ್ವಿಪಾತ್ರದಲ್ಲಿದ್ದಾರೆ, ನಾಯಕನೂ ಅವರೇ, ಖಳನೂ ಅವರೇ. ದ್ವಿಪಾತ್ರ ಎಂದರೆ ಪ್ರಾಣ ಬಿಡುವ ನಮ್ಮವರಿಗೆ ತೋರಿಸಿದ್ದರೆ ಎಂದೋ ಗೆದ್ದಿರುತ್ತಿತ್ತು. ಆ ಕಥೆಯ ಮರ್ಯಾದೆ ರಾತ್ರೋರಾತ್ರಿ ಏರಿತು. ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಕತೆ ತಿರುಗುಮುರುಗು. ಕಾಣೆಯಾಗಿದ್ದಷ್ಟು ದಿನ ಅದು ಮೇರುಕೃತಿ. ಹಾಂಗ್‌ಕಾಂಗ್‌ನಿಂದ ನಾಲ್ಕೂ ಕಂತು ಬಂದು 1992ರಲ್ಲಿ ಜನ ನೋಡಿದಾಗ, ಮನುಷ್ಯನನ್ನು ಎತ್ತಿ ಎಸೆಯುವ ದೃಶ್ಯದಲ್ಲಿ ತಂತಿ ಕಂಡಿತು. ನನಗೆ ಈಗಲೂ ಅದು ಇಷ್ಟವೇ, ತಂತಿಸಮೇತ.

ನೋಡದೆ ಕೊಟ್ಟ ತೀರ್ಪು ಮತ್ತು ಪರೀಕ್ಷಿಸದೆ ಹಂಚಿದ ‘ನಿಮಗೆ ಗೊತ್ತೇ?’ ಚೀಟಿ, ಎರಡೂ ಒಂದೇ ಜಾತಿ. ಮೂಲವನ್ನೇ ಕೇಳಿದರೂ ಕೆಲವೊಮ್ಮೆ ಮೋಸ ಹೋಗುತ್ತೇವೆ. ಈ ಧಾರಾವಾಹಿಯ ಖಳಜೀವಿ ಡಾಲೆಕ್‌ನ ಹೆಸರು ವಿಶ್ವಕೋಶದ ಸಂಪುಟವೊಂದರ ಬೆನ್ನಿನ ಮೇಲಿದ್ದ ‘ಡಾಲ್–ಲೆಕ್’ ಅಕ್ಷರಗಳಿಂದ ಹೊಳೆಯಿತೆಂದು ಅದನ್ನು ಸೃಷ್ಟಿಸಿದ ಟೆರ್ರಿ ನೇಷನ್ ಅವರೇ ಪತ್ರಕರ್ತರಿಗೆ ಹೇಳಿದ್ದರು. ಆಮೇಲೆ ಅವರೇ ಅದು ಕಟ್ಟುಕತೆ ಎಂದು ಒಪ್ಪಿಕೊಂಡರು. ಆ ಚೀಟಿ ಮಾತ್ರ ಇನ್ನೂ ಓಡಾಡುತ್ತಿದೆ. ಅದನ್ನು ಹಂಚಿದವರಲ್ಲಿ ನಾನೂ ಒಬ್ಬ, ತಪ್ಪು ಒಪ್ಪಿಕೊಳ್ಳುತ್ತೇನೆ.

ನನ್ನದೇ ಒಂದು ದೌರ್ಬಲ್ಯವೂ ಇದೆ: 1964ರ ‘ಮಾರ್ಕೊ ಪೋಲೊ’. ಏಳು ಕಂತು, ಏಳೂ ಇಲ್ಲ. ಅದರ ಬಹುಪಾಲನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಧಾರಾವಾಹಿಯ ಮೊಟ್ಟಮೊದಲ ಕಥೆಯೂ ಅವರದೇ, ಪುಣ್ಯಕ್ಕೆ ಅದು ಉಳಿದಿದೆ. ‘ಮಾರ್ಕೊ ಪೋಲೊ’ದಲ್ಲಿ ನಮಗೆ ಸಿಗುವುದು ಸೆಟ್ಟಿನಲ್ಲಿ ತೆಗೆದ ಫೋಟೊಗಳು ಮತ್ತು ಧ್ವನಿ. ಕಾಣೆಯಾದ ಎಲ್ಲ ಕಂತುಗಳ ಧ್ವನಿಯೂ ಉಳಿದಿದೆ. ಅದನ್ನು ಉಳಿಸಿದ್ದು ಬಿಬಿಸಿಯಲ್ಲ, ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರು. ರಾತ್ರಿ ದೀಪ ಆರಿಸಿ ಕೇಳಿದ್ದೇನೆ. ಮರಳುಗಾಡಿನ ಗಾಳಿ ಎಷ್ಟು ಚೆನ್ನಾಗಿ ಬೀಸುತ್ತದೆ! ಕಳೆದುಹೋದವುಗಳಲ್ಲಿ ಇದೇ ಅತಿ ಸುಂದರ ಎಂದು ಬರೆಯಲು ಕೈ ತುರಿಸುತ್ತದೆ. ಬರೆಯುವುದಿಲ್ಲ. ನಮ್ಮ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’, ಅದರ ಪ್ರತಿಯೂ ಇಲ್ಲ. ಅದರ ಬಗ್ಗೆ ಕಂಡವರ ಹಾಗೆ ಮಾತಾಡುವವರನ್ನು ಕಂಡಾಗ ನಗುವ ನಾನು ಇಲ್ಲಿ ಅದೇ ಕೆಲಸ ಮಾಡುವುದು ಹೇಗೆ?

ಇಷ್ಟು ಬರೆದು, ಮೊನ್ನೆ ಅಣ್ಣನಿಗೆ ಓದಿ ಹೇಳಿದೆ. ಮಾತು ನಮ್ಮ ಬಾಲ್ಯಕ್ಕೆ ಹೊರಳಿತು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ ಎಣ್ಣೆ ಸ್ನಾನ ತಪ್ಪಿಸಿಕೊಂಡು ನೋಡುತ್ತಿದ್ದೆವು. “ಕ್ಯಾಪ್ಟನ್ ಕಿರ್ಕ್‌ನ ಆ ಹಳದಿ ಅಂಗಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ” ಎಂದೆ.

“ನಿನಗೆ ಎಲ್ಲೋ ಭ್ರಮೆ ಕಣೋ. ನಮ್ಮ ಟಿವಿ ಕಪ್ಪುಬಿಳುಪು” ಎಂದ ಅಣ್ಣ.

ಅರ್ಧ ಗಂಟೆ ವಾದವಾಯಿತು. ಕಡೆಗೆ ಅಮ್ಮ ಒಳಗೆ ಹೋಗಿ, ಅಪ್ಪನ ಕಬ್ಬಿಣದ ಟ್ರಂಕಿನಿಂದ ಒಂದು ಫೈಲು ತಂದು ಮೇಜಿನ ಮೇಲೆ ಹಾಕಿದರು. ಅಂಗಡಿಯ ರಸೀದಿ, ಮಡಿಕೆಯಲ್ಲಿ ಹರಿದಿದೆ. ಇಪ್ಪತ್ತು ಇಂಚು, ಶಟರ್ ಇರುವ ಮರದ ಪೆಟ್ಟಿಗೆ, ಕಪ್ಪುಬಿಳುಪು. ಅಣ್ಣ ಅದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಮನೆಯ ಗುಂಪಿಗೆ ಕಳಿಸಿದ.

ಮರ್ಯಾದೆ ಉಳಿಸಿಕೊಳ್ಳಲು ಕಿರ್ಕ್‌ನ ಅಂಗಿಯ ಬಗ್ಗೆ ಆ ರಾತ್ರಿಯೇ ಹುಡುಕಿದೆ. ಆ ವೆಲೂರ್ ಬಟ್ಟೆಯ ನಿಜ ಬಣ್ಣ ಹಸಿರಂತೆ. ಸ್ಟುಡಿಯೊ ದೀಪದ ಕೆಳಗೆ ಫಿಲ್ಮಿನಲ್ಲಿ ಹಳದಿಯಾಗಿ ಕಂಡಿತಂತೆ. ಅಣ್ಣನಿಗೆ ಇದನ್ನು ಇನ್ನೂ ಹೇಳಿಲ್ಲ.