45ರ ವೇಗದಲ್ಲಿ ನಂತೂರು ದಾಟುವುದು ಹೇಗೆ?

ಪೆಟ್ರೋಲ್ ಉಳಿಸಬೇಕಾದರೆ ಕಾರನ್ನು ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಬೇಕಂತೆ. ಪ್ರತಿ ವರ್ಷ ಡಿಸೆಂಬರ್ 14ರ ಇಂಧನ ಸಂರಕ್ಷಣಾ ದಿನ ಹತ್ತಿರ ಬಂದ ಹಾಗೆ ಈ ಸಲಹೆಗೆ ಮತ್ತೆ ಜೀವ ಬರುತ್ತದೆ. ಮೊದಲು ಕರಪತ್ರದಲ್ಲಿ, ಆಮೇಲೆ ಪೇಪರಿನ ಮೂಲೆಯಲ್ಲಿ, ಕೊನೆಗೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಭಾವನ ಕೈಯಿಂದ. ಸಲಹೆ ಒಳ್ಳೆಯದೇ, ತಕರಾರಿಲ್ಲ. ಆದರೆ ಸಂಜೆ ಆರು ಗಂಟೆಗೆ ಮಂಗಳೂರಿನ ನಂತೂರು ಜಂಕ್ಷನ್ನಿನಲ್ಲಿ ಆ ವೇಗದಲ್ಲಿ ಮುಂದೆ ಹೋಗಲು ಸಾಧ್ಯವಿರುವುದು ಆಂಬುಲೆನ್ಸಿನ ಸೈರನ್ ಸದ್ದಿಗೆ ಮಾತ್ರ. ಆಂಬುಲೆನ್ಸ್ ನಮ್ಮ ಜೊತೆಯಲ್ಲೇ ನಿಂತಿರುತ್ತದೆ.

ಕ್ಲಚ್ ಮೇಲೆ ಕಾಲಿಟ್ಟು ಓಡಿಸಬೇಡಿ ಅನ್ನುವುದು ಇನ್ನೊಂದು ಸಲಹೆ. ಬರೆದವರು ಮಂಗಳೂರಿನ ಏರು ರಸ್ತೆಗಳಲ್ಲಿ ಕಾರು ನಿಲ್ಲಿಸಿದವರಲ್ಲ ಬಿಡಿ. ನಿಂತಲ್ಲಿ ಇಂಜಿನ್ ಆಫ್ ಮಾಡಿ ಅನ್ನುತ್ತಾರೆ. ಮಾಡೋಣ. ಆಫ್ ಮಾಡಿದ ಕೂಡಲೇ ಮುಂದಿನ ಕಾರು ಮೂರಡಿ ಜರುಗುತ್ತದೆ. ಹಿಂದಿನ ಸಿಟಿ ಬಸ್ಸಿಗೆ ಟೈಮಿಂಗ್ ಉಂಟು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಬಸ್ಸಿನ ಮೈಗೆ ಪಟಪಟ ಬಡಿಯುತ್ತಾನೆ, ಡ್ರೈವರ್ ಹಾರನ್ನಿನ ಮೇಲೆ ಇಟ್ಟ ಕೈ ತೆಗೆಯುವುದಿಲ್ಲ. ಅವರ ಎದುರು ನಿಂತು ದೇಶದ ವಿದೇಶಿ ವಿನಿಮಯ ಉಳಿಸುವ ಧೈರ್ಯ ಇದ್ದವರು ಉಳಿಸಲಿ.

ನಿಜವಾಗಿ ಇಂಧನ ಉಳಿತಾಯದ ಪ್ರಶಸ್ತಿ ಕೊಡಬೇಕಾದದ್ದು ಕುತ್ತೆತ್ತೂರಿನ ರಿಫೈನರಿಯಿಂದ ಹೊರಡುವ ಪೆಟ್ರೋಲಿಗೆ. ಮಂಗಳೂರಿನಿಂದ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಪೈಪ್‌ಲೈನ್ ಉಂಟು, ಸುಮಾರು 360 ಕಿ.ಮೀ. ಪೆಟ್ರೋಲ್ ಅದರಲ್ಲಿ ಹಾಯಾಗಿ ಘಟ್ಟ ಹತ್ತುತ್ತದೆ. ಶಿರಾಡಿಯ ಗುಂಡಿ ಇಲ್ಲ, ಗುಡ್ಡ ಕುಸಿತದ ಭಯ ಇಲ್ಲ, ಟೋಲ್ ಇಲ್ಲ. ಮಳೆಗಾಲದಲ್ಲಿ ರಸ್ತೆ ಬಂದ್ ಮಾಡುವ ಆದೇಶ ಅದಕ್ಕೆ ತಟ್ಟುವುದಿಲ್ಲ. ಅದೇ ಪೆಟ್ರೋಲನ್ನು ಟ್ಯಾಂಕಿಗೆ ತುಂಬಿಸಿಕೊಂಡ ನಾವು ಮಾತ್ರ ಸಕಲೇಶಪುರ ಕಾಣಲು ದೇವರಿಗೆ ಕೈ ಮುಗಿಯಬೇಕು. ಈ ಊರಿನಲ್ಲಿ ಮನುಷ್ಯನಾಗಿ ಹುಟ್ಟುವ ಬದಲು ಪೆಟ್ರೋಲಾಗಿ ಹುಟ್ಟಿದ್ದರೆ ಬೆಂಗಳೂರಿಗೆ ಹೋಗಿಬರುವುದು ಎಷ್ಟು ಸುಲಭ ಇತ್ತು! (ಬರುವ ದಾರಿ ಇಲ್ಲ, ಅದೊಂದು ತೊಂದರೆ.)

ರಿಫೈನರಿ ಮನೆ ಬಾಗಿಲಲ್ಲೇ ಇದ್ದರೂ ನಮಗೆ ಸಿಗುವ ಲಾಭ ಬೆಂಗಳೂರಿಗಿಂತ ಲೀಟರಿಗೆ ಒಂದಷ್ಟು ಪೈಸೆ. ಅದಕ್ಕಿಂತ ಜಾಸ್ತಿ ಲಾಭ ಕಾಸರಗೋಡಿನವರಿಗೆ. ಕೇರಳದಲ್ಲಿ ಪೆಟ್ರೋಲ್ ಇನ್ನೂ ತುಟ್ಟಿ, ಹಾಗಾಗಿ ಅವರು ತಲಪಾಡಿ ದಾಟಿ ಬಂದು ಫುಲ್ ಟ್ಯಾಂಕ್ ಮಾಡಿಸಿ, ನಗುತ್ತಾ ಹೋಗುತ್ತಾರೆ. ಅವರ ನಗು ನೋಡಿ ನಾವೂ ಸಮಾಧಾನ ಮಾಡಿಕೊಳ್ಳಬೇಕು. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೂ ಡೀಸೆಲಿಗೂ ಸುಮಾರು 3 ರೂ. ಒಂದೇ ಏಟಿಗೆ ಹೆಚ್ಚಿಸಿದಾಗಲೂ ಹೇಳಿದ್ದು ಅದನ್ನೇ ಅಲ್ವಾ, ಪಕ್ಕದ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಉಂಟು ಅಂತ.

ಇನ್ನು ಎಥನಾಲ್. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿ ಮೊದಲು ಇದ್ದದ್ದು 2030ಕ್ಕೆ. 2025ರಲ್ಲೇ ಮುಗಿಸಿಬಿಟ್ಟರು. ಪಂಪ್‌ವೆಲ್ ಮೇಲ್ಸೇತುವೆಗೆ ಹತ್ತು ವರ್ಷ ಕಾದು 2020ರ ಜನವರಿ 31ಕ್ಕೆ ಅದನ್ನು ಕಂಡ ಜನ ನಾವು. ಇಂದ್ರಾಳಿಯ ರೈಲ್ವೆ ಸೇತುವೆಗೆ ಉಡುಪಿಯವರು ಕಾದದ್ದು ಬೇರೆ. ನಮ್ಮ ಜೀವಮಾನದಲ್ಲಿ ಐದು ವರ್ಷ ಮೊದಲೇ ಮುಗಿದ ಸರ್ಕಾರಿ ಕೆಲಸ ಒಂದು ಸಿಕ್ಕಿತು, ಅದೂ ಮೈಲೇಜ್ ಇಳಿಸುವ ಕೆಲಸ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ. ಮೈಲೇಜ್ ಸ್ವಲ್ಪ ಇಳಿಯಬಹುದು ಅಂತ ಸರ್ಕಾರವೇ ಒಪ್ಪಿಕೊಂಡಿತು. ಬೆಲೆಯೂ ಸ್ವಲ್ಪ ಇಳಿಯಬಹುದಾ ಅಂತ ಕೇಳಿದರೆ ರೈತರ ಹೆಸರು ಹೇಳುತ್ತಾರೆ. ನೀವು ಟಯರಿನ ಗಾಳಿ ಸರಿಯಾಗಿಟ್ಟುಕೊಳ್ಳಿ.

ಅಡುಗೆಮನೆಯ ಸಲಹೆಗಳು ಇನ್ನೂ ಚೆಂದ. ಕುಕ್ಕರ್ ಬಳಸಿ, ಗ್ಯಾಸ್ ಉಳಿಸಿ. ಇದನ್ನು ಬರೆದ ತಜ್ಞರು ಬೆಳ್ತಿಗೆ ಅಕ್ಕಿಯ ಕಡೆಯವರಿರಬೇಕು. ನಮ್ಮದು ಕುಚ್ಚಲಕ್ಕಿ ಮಾರಾಯ್ರೇ. ಅದು ಬೇಯುವಷ್ಟು ಹೊತ್ತಿನಲ್ಲಿ ಯಕ್ಷಗಾನದ ಒಂದು ಒಡ್ಡೋಲಗ ಮುಗಿಯುತ್ತದೆ. ಇದಕ್ಕೆ ಇಲ್ಲಿಯ ಹೆಂಗಸರು ಯಾವ ತಜ್ಞರನ್ನೂ ಕೇಳದೆ ದಾರಿ ಮಾಡಿಕೊಂಡಿದ್ದಾರೆ. ಅಕ್ಕಿ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಹಾಗೇ ಥರ್ಮಲ್ ಕುಕ್ಕರಿನ ಡಬ್ಬದೊಳಗೆ ಇಳಿಸಿ ಮುಚ್ಚಿಡುವುದು. ಮಕ್ಕಳು ಶಾಲೆಗೆ ಹೋದ ಮೇಲೆ ತೆಗೆದು ಬಸಿಯುವುದು. ಸ್ನಾನದ ನೀರಿಗೆ ಬಚ್ಚಲ ಒಲೆಯಲ್ಲಿ ತೆಂಗಿನ ಸಿಪ್ಪೆ, ಗೆರಟೆ, ಒಣಗಿದ ಮಡಲು. ಮಡಲನ್ನು ಮಳೆ ಬರುವ ಮೊದಲು ಕಟ್ಟು ಕಟ್ಟಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುವುದೇ ಒಂದು ಕೆಲಸ. ಇವರಿಗೆ ಉಳಿತಾಯದ ಪಾಠ ಹೇಳಲು ಎಸಿ ಕಾರಿನಲ್ಲಿ ಬಂದು, ಇಂಜಿನ್ ಆಫ್ ಮಾಡದೆ ಇಳಿದು, ಜಾಥಾಕ್ಕೆ ಹಸಿರು ಬಾವುಟ ತೋರಿಸಿ ಹೋಗುವವರನ್ನು ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಗ್ಯಾಸ್ ಸಬ್ಸಿಡಿಯ ಕಥೆಯೂ ಹಾಗೇ. 2015ರಲ್ಲಿ ಬಿಟ್ಟುಕೊಡಿ ಅಂದರು, ಕೆಲವರು ಬಿಟ್ಟರು. ಬಿಡದವರ ಪರವಾಗಿ 2020ರಲ್ಲಿ ಸರ್ಕಾರವೇ ಬಿಟ್ಟಿತು.

ಉಳಿಸಿದವರಿಗೆ ಸಿಕ್ಕ ಬಹುಮಾನ ನೋಡಬೇಕಾದರೆ ಗೃಹಜ್ಯೋತಿಗೆ ಬರಬೇಕು. 200 ಯುನಿಟ್ ಕರೆಂಟ್ ಉಚಿತ ಅಂತ ಬೋರ್ಡು. ಒಳಗೆ ಹೋದರೆ ಲೆಕ್ಕ ಬೇರೆ. 2022-23ರಲ್ಲಿ ನೀವು ಬಳಸಿದ ಸರಾಸರಿಗೆ ಶೇ. 10 ಸೇರಿಸಿ ಬಂದದ್ದು ನಿಮ್ಮ ಪಾಲು. ಒಬ್ಬರು ದೊಡ್ಡಮ್ಮ ಇದ್ದಾರೆ ಅಂತ ಇಟ್ಟುಕೊಳ್ಳಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಫ್ಯಾನ್ ಆಫ್ ಮಾಡಿ, ಜಗಲಿಯ ಲೈಟ್ ಆಫ್ ಮಾಡಿ, ಸಂಜೆ ದೇವರ ದೀಪದ ಬೆಳಕಲ್ಲೇ ಹೂ ಕಟ್ಟಿ ತಿಂಗಳಿಗೆ 60 ಯುನಿಟ್‌ನಲ್ಲಿ ಬದುಕಿದವರು. ಅವರಿಗೆ 66 ಉಚಿತ. ಪಕ್ಕದ ಮನೆಯಲ್ಲಿ ಎಸಿ ಹಾಕಿ ಕಂಬಳಿ ಹೊದ್ದು ಮಲಗಿ 180 ಸುಟ್ಟವರಿಗೆ 198. ದೊಡ್ಡಮ್ಮನ ಮನೆಗೆ ಮೊಮ್ಮಕ್ಕಳು ರಜೆಗೆ ಬಂದು ಫ್ಯಾನ್ ತಿರುಗಿದರೆ ಮೇಲಿನದ್ದಕ್ಕೆ ದುಡ್ಡು ಕಟ್ಟಬೇಕು. ಆ ವರ್ಷ ಯಾರಾದರೂ ಮೊದಲೇ ಗುಟ್ಟಾಗಿ ಹೇಳಿದ್ದರೆ ದೊಡ್ಡಮ್ಮ ಹಗಲಿಗೂ ಲೈಟ್ ಹಾಕಿ ಕೂರುತ್ತಿದ್ದರು. ತಪ್ಪು ಅವರದ್ದೇ, ಸುಮ್ನೆ ಸಲಹೆ ಕೇಳಿದರು.

ದುಡ್ಡು ಕಟ್ಟುವವರ ಬಿಲ್ಲು ಇನ್ನೊಂದು ತಮಾಷೆ. 2025ರ ಏಪ್ರಿಲ್‌ನಲ್ಲಿ ಯುನಿಟ್‌ಗೆ 10 ಪೈಸೆ ಇಳಿಸಿದರು. ಅದೇ ಏಪ್ರಿಲ್‌ನಲ್ಲಿ ವಿದ್ಯುತ್ ಕಂಪನಿಗಳ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗೆ ಅಂತ 36 ಪೈಸೆ ಸೇರಿಸಿದರು. ನಿಗದಿತ ಶುಲ್ಕವನ್ನೂ ಏರಿಸಿದರು. ಯಾರ ಪಿಂಚಣಿಗೂ ನಮ್ಮ ವಿರೋಧ ಇಲ್ಲ. ಆದರೆ ಒಂದು ಕೈಯಲ್ಲಿ ಎಲ್‌ಇಡಿ ಬಲ್ಬ್ ಹಾಕಿ ಉಳಿಸಿ ಅನ್ನುವುದು, ಇನ್ನೊಂದು ಕೈಯಲ್ಲಿ ಉಳಿಸಿದ್ದನ್ನು ಎಣಿಸಿ ತೆಗೆದುಕೊಳ್ಳುವುದು, ಇದು ಯಾವ ನ್ಯಾಯ? ನಗಲು ಹೊರಟರೆ ನಗು ಬರುವುದಿಲ್ಲ. ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇಟ್ಟುಕೊಂಡಿದ್ದೇವೆ. ಹಾರುಬೂದಿಯ ದೂರು ಹೇಳಿ ಹೇಳಿ ಅಲ್ಲಿಯ ಜನ ಸೋತಿದ್ದಾರೆ. ಹಾಗಿದ್ದೂ ಮೊದಲ ಮಳೆಗೆ ಕರಾವಳಿಯ ಅರ್ಧ ಊರಿಗೆ ಕರೆಂಟ್ ಇಲ್ಲ. ಕಂಬಕ್ಕೆ ಬಾಗಿದ ಕೊಂಬೆಯನ್ನು ಮೇ ತಿಂಗಳಲ್ಲಿ ಕಡಿಯಿರಿ. ರಸ್ತೆಯ ಗುಂಡಿ ಮುಚ್ಚಿ. ಆಮೇಲೆ ನಮಗೆ ಗೇರ್ ಹಾಕುವುದು ಕಲಿಸಿ.

ಇಷ್ಟೆಲ್ಲ ಆದರೂ ಪೂರ್ತಿ ಉಳಿಸಿದ ಮನೆ ಬೇಕಾದರೆ ಉಡುಪಿ ಕಡೆಯ ಯಾವ ಹಳ್ಳಿಗೂ ಹೋಗಿ ನೋಡಬಹುದು. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ಹಿರಿಯರ ಮನೆಗೆ ಬೀಗ. ಫ್ಯಾನಿಲ್ಲ, ಫ್ರಿಜ್ಜಿಲ್ಲ, ಬಳಕೆ ಸೊನ್ನೆ. ಯಜಮಾನರ ಹೆಸರಿನ ಇನ್ನೊಂದು ಮೀಟರಿಗೆ ಗೃಹಜ್ಯೋತಿ ಆಗಿರುವುದರಿಂದ ಇದಕ್ಕೆ ಉಚಿತ ಇಲ್ಲ. ತಿಂಗಳು ತಿಂಗಳು ಮೀಟರ್ ರೀಡರ್ ಬಂದು ಗೇಟಿನ ಸಂದಿಯಲ್ಲಿ ನಿಗದಿತ ಶುಲ್ಕದ ಬಿಲ್ ಸಿಕ್ಕಿಸಿ ಹೋಗುತ್ತಾನೆ.