ಗರ್ಭಿಣಿಯರಿಗೆ ಚೆಕಪ್ ಬೇಡ, ಕಷಾಯ ಸಾಕು ಎನ್ನುವ ಮೆಸೇಜ್ ನಂಬಬೇಡಿ

"ಕೊರೋನಾ ಬಂದಾಗ ಸರ್ಕಾರವೇ ಗರ್ಭಿಣಿಯರ ಚೆಕಪ್ ನಿಲ್ಲಿಸಿತ್ತು, ಮೂರು ಹೊತ್ತು ಜೇಷ್ಠಮಧು ಕಷಾಯ ಕುಡಿದವರೆಲ್ಲ ಚೆನ್ನಾಗಿದ್ದಾರೆ, ಲಸಿಕೆಯಂತೂ ಅವರಿಗೆ ನಿಷೇಧ" ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೂರೂ ತಪ್ಪು.

2020ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಲ್ಲಿ ಗರ್ಭಿಣಿಯರ ತಪಾಸಣೆ, ಹೆರಿಗೆ ಎರಡೂ ಅಗತ್ಯ ಸೇವೆಗಳೇ. ಬಸ್ಸಿಲ್ಲದೆ, ಸೋಂಕಿಗೆ ಹೆದರಿ ಎಷ್ಟೋ ಜನ ಹೋಗಲಿಲ್ಲ, ಅದು ಬೇರೆ ಮಾತು. ಬಿಪಿ ಏರಿದ್ದು, ರಕ್ತ ಕಡಿಮೆಯಾಗಿದ್ದು ಸುಮ್ನೆ ಮನೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ, ಅಲ್ವಾ?

ಇನ್ನು ಕಷಾಯ. ಶುಂಠಿ, ಜೀರಿಗೆ ಅಡುಗೆಗೆ ಹಾಕುವಷ್ಟಿದ್ದರೆ ತೊಂದರೆಯಿಲ್ಲ. ಆದರೆ ಜೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಗರ್ಭಿಣಿಯರಿಗೆ ಅದು ಬೇಡವೇ ಬೇಡ. ಕೆಲವರು ಕಷಾಯಕ್ಕೆ ಟೀ ಪುಡಿಯನ್ನೂ ಸೇರಿಸಿ ಅದರ ಜೊತೆಗೇ ಕಬ್ಬಿಣದ ಮಾತ್ರೆ ನುಂಗುತ್ತಾರೆ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ತೆಗೆದುಕೊಂಡರೆ ಆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಅದಕ್ಕೇ ನಡುವೆ ಒಂದೆರಡು ಗಂಟೆ ಬಿಡಿ. ನಿಂಬೆ ಪಾನಕದ ಜೊತೆಗಾದರೆ ಒಳ್ಳೆಯದು. ಆಶಾ ಕಾರ್ಯಕರ್ತೆಯರು ಕೊಡುವ ಈ ಮಾತ್ರೆಯನ್ನು ಗರ್ಭಿಣಿಯಾಗಿರುವಾಗ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು.

ಲಸಿಕೆಗೆ ನಿಷೇಧ ಎಲ್ಲಿಂದ ಬಂತೋ! ಗರ್ಭಿಣಿಯರು ಕೋವಿಡ್ ಲಸಿಕೆ ಹಾಕಿಸಿಕೊಳ್ಳಬಹುದು ಎಂದು ಕೇಂದ್ರ 2021ರ ಜುಲೈ 2ರಂದೇ ಒಪ್ಪಿಗೆ ಕೊಟ್ಟಿದೆ.