ಲಸಿಕೆಯ ವೈರಸ್ ಬೆರೆಯುತ್ತದೆ ಎಂಬುದನ್ನು ಮುಚ್ಚಿಡುವುದೇಕೆ?

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಒಂದು ಧ್ವನಿ ಸಂದೇಶ ಹರಿದಾಡುತ್ತಿದೆ. ಲಸಿಕೆಯ ವೈರಸ್ ಮಕ್ಕಳ ಹೊಟ್ಟೆಯಲ್ಲಿ ಬೇರೆ ವೈರಸ್ ಜೊತೆ ಬೆರೆತು ಹೊಸ ರೋಗ ಹುಟ್ಟಿಸುತ್ತದೆ, ಆದ್ದರಿಂದ ಯಾವ ಲಸಿಕೆಯನ್ನೂ ಹಾಕಿಸಬೇಡಿ ಎಂಬುದು ಅದರ ಸಾರ. ಹಿರಿಯರು ಕೆಲವರು ಇದೆಲ್ಲ ಶುದ್ಧ ಸುಳ್ಳು ಎಂದು ತಳ್ಳಿಹಾಕಿದರು. ನನಗೆ ಆ ಉತ್ತರವೂ ಒಪ್ಪಿಗೆಯಾಗಲಿಲ್ಲ. ಬೆರೆಯುವ ಮಾತು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು.

ಒಂದೇ ಜೀವಕೋಶಕ್ಕೆ ಪೋಲಿಯೊದಂಥ ಎರಡು ಬಗೆಯ ವೈರಸ್ ಹೊಕ್ಕರೆ, ಅವುಗಳ ವಂಶವಾಹಿ ಎಳೆಯಾದ ಆರ್‌ಎನ್‌ಎ ನಕಲು ಮಾಡುವ ಕಿಣ್ವ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಜಿಗಿದು, ಎರಡರ ತುಣುಕೂ ಇರುವ ಹೊಸ ಎಳೆಯನ್ನು ಕಟ್ಟಬಲ್ಲದು. ಇದೇ ಮರುಸಂಯೋಜನೆ. ಪೋಲಿಯೊ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಲಸಿಕೆ ಸರಿಯಾಗಿ ತಲುಪದ ಕಡೆ ಅದು ಮಗುವಿನಿಂದ ಮಗುವಿಗೆ ಬಹುಕಾಲ ಹರಡುತ್ತಾ, ರೂಪಾಂತರಗೊಳ್ಳುತ್ತಾ, ಕರುಳಿನ ಇತರ ಎಂಟೆರೊವೈರಸ್‌ಗಳೊಂದಿಗೆ ಬೆರೆತು, ಮತ್ತೆ ಪಾರ್ಶ್ವವಾಯು ತರುವ ಶಕ್ತಿ ಪಡೆದದ್ದುಂಟು. 2000–01ರಲ್ಲಿ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ ಆದದ್ದು ಇದೇ. ಆಸ್ಟ್ರೇಲಿಯಾದಲ್ಲಿ ಕೋಳಿಗಳಿಗೆ ಹಾಕಿದ ಎರಡು ಜೀವಂತ ಲಸಿಕೆಗಳ ಹರ್ಪಿಸ್ ವೈರಸ್‌ಗಳು ಪರಸ್ಪರ ಬೆರೆತು ಉಗ್ರ ತಳಿಗಳಾದ ವಿಷಯ 2012ರಲ್ಲಿ ಪ್ರಕಟವಾಯಿತು.

ಇದನ್ನು ಕಂಡುಹಿಡಿದು ಹೇಳಿದವರೂ ವಿಜ್ಞಾನಿಗಳೇ, ಪರಿಹಾರಕ್ಕೆ ಕೈಹಾಕಿದವರೂ ಅವರೇ. ಪೋಲಿಯೊ ವೈರಸ್‌ನ ಮೂರು ಬಗೆಗಳಲ್ಲಿ ಎರಡನೆಯದಕ್ಕೆ ರೂಪಿಸಿದ ಹೊಸ ಹನಿಯಲ್ಲಿ, ವೈರಸ್‌ಗೆ ನಕಲಾಗಲು ಬೇಕೇಬೇಕಾದ ಒಂದು ತುಣುಕನ್ನು ಮೂಲ ಸ್ಥಾನದಿಂದ ತೆಗೆದು, ವೈರಸ್ಸನ್ನು ದುರ್ಬಲವಾಗಿಡುವ ಭಾಗದ ಪಕ್ಕಕ್ಕೇ ಕೂರಿಸಿದ್ದಾರೆ. ಬೆರೆಯುವಾಗ ದುರ್ಬಲವಾಗಿಡುವ ಆ ಭಾಗ ಕಳಚಿಹೋದರೆ ಆ ತುಣುಕೂ ಜೊತೆಗೇ ಹೋಗಿ ವೈರಸ್ ಬೆಳೆಯಲಾರದು. ಎಂಥ ಸೊಗಸಾದ ಯೋಚನೆ! ನಕಲು ಮಾಡುವ ಕಿಣ್ವವನ್ನೂ ಜಿಗಿತ ಕಡಿಮೆಯಾಗುವಂತೆ ತಿದ್ದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಇದರ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತು. ಅಪಾಯ ಶೂನ್ಯವಾಗಲಿಲ್ಲ, ಈ ಹನಿಯಿಂದಲೇ ಹುಟ್ಟಿದ ತಳಿಗಳು ಬುರುಂಡಿ ಮತ್ತು ಕಾಂಗೋದಲ್ಲಿ ಕಂಡದ್ದನ್ನು 2023ರಲ್ಲಿ ಬಹಿರಂಗವಾಗಿಯೇ ತಿಳಿಸಲಾಯಿತು. ನನಗೆ ಲಸಿಕೆಯ ಮೇಲೆ ನಂಬಿಕೆ ಹೆಚ್ಚಿದ್ದು ಇಂಥ ಮುಚ್ಚುಮರೆಯಿಲ್ಲದ ವರದಿಗಳಿಂದ.

ಜನರಿಗೆ ಇಷ್ಟೆಲ್ಲ ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಲ್ಸ್ ಪೋಲಿಯೊ ಭಾನುವಾರ ಹಿಂಜೆವಾಡಿಯ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಸ್ವಯಂಸೇವಕಿಯಾಗಿ ಹೋಗಿದ್ದಾಗ, ಯಾದಗಿರಿ ಕಡೆಯ ತಾಯಿಯೊಬ್ಬಳು ಮಗುವಿನ ಎಡಗೈ ಕಿರುಬೆರಳನ್ನು ಶಾಯಿಗೆ ಹಿಡಿದುಕೊಂಡೇ, "ಹೋದ ಸಲನೂ ಹಾಕ್ಸೇವಲ್ರೀ, ಮತ್ತ ಯಾಕ್ರೀ ಅಕ್ಕಾರ?" ಎಂದಳು. ಹನಿಯ ವೈರಸ್ ಹೇಗೆ ಹರಡುತ್ತದೆ, ಹೇಗೆ ಬದಲಾಗುತ್ತದೆ ಎಂದು ಅವಳ ಮಾತಿನಲ್ಲೇ ವಿವರಿಸಿದೆ. ಅವಳ ಮುಂದಿನ ಪ್ರಶ್ನೆ: "ಅಂದ್ರ, ನನ್ನ ಕೂಸಿಗೆ ಹಾಕಿ ಬಾಜೂದ ಕೂಸಿಗೆ ಬಿಟ್ರ ಏನಾಗ್ತದರೀ?" ಇಡೀ ವಿಷಯದ ತಿರುಳು ಅದೇ. ಹನಿ ಬೀಳದ ಮಕ್ಕಳು ಹೆಚ್ಚಿದ್ದಷ್ಟೂ ವೈರಸ್‌ಗೆ ಅಲೆದಾಡಲು, ಬದಲಾಗಲು, ಬೆರೆಯಲು ಅವಕಾಶ ಹೆಚ್ಚು. ಲಸಿಕೆ ನಿಲ್ಲಿಸಿ ಎನ್ನುವವರು ಆ ಅವಕಾಶವನ್ನೇ ಹಿಗ್ಗಿಸುತ್ತಿದ್ದಾರೆ.

ನಮ್ಮ ದೇಶದಲ್ಲಿ 2015ರ ಕೊನೆಯಿಂದ ಹನಿಯ ಜೊತೆಗೆ ಪೋಲಿಯೊ ಚುಚ್ಚುಮದ್ದೂ ಇದೆ. ಅದರ ವೈರಸ್ ನಿಷ್ಕ್ರಿಯವಾದದ್ದರಿಂದ ಅಲ್ಲಿ ಬೆರೆಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಕರುಳಿನ ಮೂಲಕ ಸೋಂಕು ಹರಡುವುದನ್ನು ತಡೆಯುವಲ್ಲಿ ಅದು ಹನಿಯಷ್ಟು ಸಮರ್ಥವಲ್ಲ. ಸದ್ಯಕ್ಕೆ ಎರಡೂ ಬೇಕು, ಎರಡನ್ನೂ ಹಾಕಿಸಿ.